ಗೆರೆ ಮೂಡಿಸುವ ಊರುಗೋಲು: ನನ್ನ ಅನುಭವ

ಪಾರ್ಕಿನ್ಸನ್ ಕಾಯಿಲೆ ಇರುವವರ ಕಾಲು ನಡುದಾರಿಯಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಟ್ಟಾಗ, ಮುಂದೊಂದು ಗೆರೆ ಕಂಡರೆ ಅದನ್ನು ದಾಟಲು ಎಷ್ಟೋ ಜನರಿಗೆ ಹೆಜ್ಜೆ ಏಳುತ್ತದೆ. ಅಂಥ ಗೆರೆಯನ್ನು ಲೇಸರಿನಿಂದ ನೆಲದ ಮೇಲೆ ಮೂಡಿಸುವ ಊರುಗೋಲು ಕಟ್ಟುವ ಎಲ್ಲರಿಗೂ ಇದು ಗೊತ್ತು. ಜಗಳ ಇರುವುದು ಆ ಲೇಸರ್ ಗೆರೆ ಯಾವಾಗ ಮೂಡಬೇಕು ಎಂಬುದರಲ್ಲಿ. ಕಾಲು ಹೀಗೆ ಕಟ್ಟಿ ನಿಂತದ್ದನ್ನು ಪತ್ತೆಹಚ್ಚುವ ಗೊಡವೆಯೇ ಬೇಡ, ಕೋಲಿನ ತುದಿ ನೆಲಕ್ಕೆ ಊರಿದೆಯೇ ಎಂದು ನೋಡಿದರೆ ಸಾಕು ಎಂದು ನಾನು ಹೇಳಿದಾಗ ಜೊತೆಗಾರರು ಒಬ್ಬರೂ ಒಪ್ಪಲಿಲ್ಲ. ಈಗ ಅಪ್ಪ ಹೆಚ್ಚುಕಡಿಮೆ ಒಂದು ವರ್ಷದಿಂದ ಅದೇ ಕೋಲು ಹಿಡಿದು ಓಡಾಡುತ್ತಿದ್ದಾರೆ.

ಜೊತೆಗಾರರ ಮಾತಿಗೆ ಬೆಲೆ ಕೊಟ್ಟು ಮೊದಲು ಹಿಡಿಯೊಳಗೆ ಎಂಪಿಯು6050 ಎಂಬ, ಅಲುಗಾಟ ಅಳೆಯುವ ಸೆನ್ಸರ್ ಕೂರಿಸಿದ್ದೆ. ಕಾಲು ಕಟ್ಟಿದಾಗಿನ ನಡುಕವನ್ನು 3ರಿಂದ 8 ಹರ್ಟ್ಸ್ ನಡುವೆ ಹುಡುಕುತ್ತಾರಲ್ಲ, ಅದೇ ಲೆಕ್ಕ. ಸೆನ್ಸರನ್ನು ಮೊಣಕಾಲಿನ ಕೆಳಗೆ ಕಟ್ಟಿದರೆ ಅದು ಸರಿ. ಆದರೆ ಪಾರ್ಕಿನ್ಸನ್ನಿನ ಕೈನಡುಕವೇ 4ರಿಂದ 6 ಹರ್ಟ್ಸ್‌ನಲ್ಲಿರುತ್ತದೆ. ಕೋಲಿಗೆ ಕೈಯ ನಡುಕ ಯಾವುದು, ಕಾಲಿನದು ಯಾವುದು ಎಂದು ತಿಳಿಯುವ ದಾರಿಯೇ ಇಲ್ಲ. ಅಪ್ಪ ಸುಮ್ಮನೆ ಕುಳಿತಿದ್ದಾಗಲೂ ಗೆರೆ ಮಿನುಗುತ್ತಿತ್ತು.

ಆಮೇಲೆ ರಬ್ಬರ್ ಬುಡದ ಮೇಲೆ ಭಾರ ಅಳೆಯುವ ಲೋಡ್ ಸೆಲ್ ಇಟ್ಟೆ. ದುಡ್ಡು ಹೋದದ್ದೆಲ್ಲ ಇಲ್ಲೇ. ಎಚ್‌ಎಕ್ಸ್711 ಎಂಬ, ಸೆಲ್ ಅಳೆದದ್ದನ್ನು ಅಂಕಿಯಾಗಿಸುವ ಬೋರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಅಳತೆಯ ವೇಗದಲ್ಲೇ ಬರುತ್ತವೆ. ಆ ವೇಗದಲ್ಲಿ ಅಳತೆ ಒಂದು ನೆಲೆಗೆ ನಿಲ್ಲಲು 400 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಕೋಲು ಮತ್ತೆ ಎದ್ದಿರುತ್ತದೆ. ವೇಗ ನಿರ್ಧರಿಸುವ ರೇಟ್ ಪಿನ್ನನ್ನು ಬೋರ್ಡಿನಿಂದ ಬಿಡಿಸಿ ವಿದ್ಯುತ್ ತಂತಿಗೆ ಬೆಸೆದರೆ ವೇಗ 80ಕ್ಕೆ ಏರುತ್ತದೆ. ಅದನ್ನೂ ಮಾಡಿದೆ. ಆದರೆ ಕೋಲು ಎಂದೂ ನೆಟ್ಟಗೆ ಊರುವುದಿಲ್ಲ. ಓರೆಯಾಗಿ ಬಿದ್ದ ಭಾರಕ್ಕೆ ಸೆಲ್‌ಗಳು ಒಂದೊಂದಾಗಿ ಬಾಗಿದವು. ಹಾಗೆ ಕೆಟ್ಟವುಗಳ ಹಣದಲ್ಲಿ ಈಗಿನ ಕೋಲನ್ನು ಎರಡು ಸಲ ಕಟ್ಟಬಹುದಿತ್ತು.

ಈಗಿರುವುದು ಬಹಳ ಸರಳ. ಕೊಳವೆಯೊಳಗೊಂದು ಕೊಳವೆ, ನಡುವೆ ಸ್ಪ್ರಿಂಗ್, ಒಳಗಿನದಕ್ಕೆ ಪುಟ್ಟ ಅಯಸ್ಕಾಂತ, ಹೊರಗಿನದಕ್ಕೆ ಅಯಸ್ಕಾಂತ ಹತ್ತಿರ ಬಂದದ್ದನ್ನು ತಿಳಿಸುವ ಹಾಲ್ ಸೆನ್ಸರ್. ನೀರು, ಕೆಸರು ಯಾವುದೂ ತಾಗುವುದಿಲ್ಲ. ಹಾಲ್ ಸೆನ್ಸರುಗಳಲ್ಲಿ ಎ3144 ಮಾತ್ರ ಬೇಡ, ಅದಕ್ಕೆ 4.5 ವೋಲ್ಟ್ ಬೇಕು. ಒಂದೇ ಲಿಥಿಯಂ ಸೆಲ್ಲಿನಲ್ಲಿ ನೆಚ್ಚಲಾಗದು. ಸ್ಪ್ರಿಂಗ್ ಎರಡು ಮಿಲಿಮೀಟರಿಗಿಂತ ಹೆಚ್ಚು ಕುಸಿಯಬಾರದು, ಕುಸಿದರೆ ಹಿಡಿದವರಿಗೆ ಧೈರ್ಯ ಕೆಡುತ್ತದೆ. ಊರಿದ ತುದಿ ಸುಮಾರು ಒಂದು ಸೆಕೆಂಡ್ ಮೇಲೇಳದಿದ್ದರೆ ಗೆರೆ ಮೂಡುತ್ತದೆ, ಎದ್ದೊಡನೆ ಆರುತ್ತದೆ. ದಣಿವಾರಿಸಿಕೊಳ್ಳಲು ನಿಂತಾಗಲೂ ಮೂಡುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಅರ್ಧ ನಿಮಿಷಕ್ಕೆ ತಾನಾಗಿ ಆರುವಂತೆ ಮಾಡಿದ್ದೇನೆ. ಎರಡು ಕೊಳವೆಗಳ ನಡುವಿನ ಅಲುಗಾಟವನ್ನು ಹೇಗೆ ತೆಗೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲೇಸರನ್ನು ಕೆಲವರು ಕೆಳಗೆ, ಪಾದದ ಹತ್ತಿರ ಕಟ್ಟುತ್ತಾರೆ. ನಾನು ಹಿಡಿಯ ಕೆಳಗೇ, 80 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದೆ. ಗೆರೆ ತುದಿಯಿಂದ 45 ಸೆಂಟಿಮೀಟರ್ ಮುಂದೆ ಬೀಳಬೇಕು ಎಂದುಕೊಳ್ಳಿ. ಕೋಲು ಹಿಂದಕ್ಕೆ ಹತ್ತು ಡಿಗ್ರಿ ವಾಲಿದರೆ ನನ್ನ ಗೆರೆ ಮೂರು ಬೆರಳಿನಷ್ಟು ಮುಂದೆ ಸರಿಯುತ್ತದೆ. ಒಂದು ಗೇಣು ಎತ್ತರದೊಳಗೆ ಕಟ್ಟಿದ್ದಾದರೆ ಅರ್ಧ ಮೀಟರಿನಷ್ಟು ಓಡಿಹೋಗಬಹುದು. ಕಾಗದದ ಮೇಲೆ ತ್ರಿಕೋನ ಬರೆದು ತೋರಿಸಿದ ಮೇಲೆ ನನ್ನ ಜೊತೆ ವಾದಿಸುತ್ತಿದ್ದವರೂ ಸುಮ್ಮನಾದರು. ಈ ಜಾಗ ಕಂಡುಕೊಂಡದ್ದಕ್ಕೆ ನನಗೆ ಹೆಮ್ಮೆಯಿದೆ.

ನಡುವೆ ಎಚ್‌ಸಿ-ಎಸ್‌ಆರ್04 ಎಂಬ, ಶಬ್ದದ ಅಲೆಯಿಂದ ದೂರ ಅಳೆಯುವ ಸೆನ್ಸರ್ ಹಾಕಿ ಅಡೆತಡೆ ತಿಳಿಸುವ ಪ್ರಯೋಗವೂ ನಡೆಯಿತು. ಅದು ಅಪ್ಪನ ಕಾಲನ್ನೇ ಅಡ್ಡಿ ಎಂದು ಎಣಿಸುತ್ತಿತ್ತು; ದಪ್ಪ ಪರದೆ ಎದುರಿದ್ದರೂ ಕಾಣುತ್ತಿರಲಿಲ್ಲ. ಹಿಡಿಯಲ್ಲಿ ಕಂಪನದ ಮೋಟಾರಿಟ್ಟು ಹೆಜ್ಜೆಗೆ ತಾಳ ಕೊಡಲು ನೋಡಿದೆ. "ನಡುಗುವ ಕೈಗೆ ಇನ್ನೊಂದು ನಡುಕ ಗೊತ್ತಾಗುವುದಿಲ್ಲಪ್ಪ" ಎಂದರು ಅಪ್ಪ. ಅಲ್ಲಿಗೆ ಅದನ್ನು ಕಿತ್ತೆ.

ಉಳಿದಿರುವ ತೊಡಕು ಬಿಸಿಲು. ಕೆಂಪು ಗೆರೆ ಹೊರಗೆ ಮಾಸುತ್ತದೆ. ಹಸಿರು ಚೆನ್ನಾಗಿ ಕಾಣುತ್ತದೆ, ಆದರೆ ನಾನು ಅಳೆದ ಮಾಡ್ಯೂಲ್ ಕೆಂಪಿನ ಐದಾರು ಪಟ್ಟು ವಿದ್ಯುತ್ ಎಳೆಯಿತು, ಬೆಲೆಯೂ ಅದಕ್ಕೆ ತಕ್ಕಂತಿತ್ತು. ಗೆರೆ ಹೊತ್ತುವುದೇ ನಿಂತಾಗ ಮಾತ್ರವಾದ್ದರಿಂದ ನನ್ನ ಕೋಲಿನ ಬ್ಯಾಟರಿ ಅದನ್ನೂ ತಾಳುತ್ತದೆ. ಮುಂದಿನ ಕೋಲಿಗೆ ಹಸಿರನ್ನೇ ಹಾಕುತ್ತಿದ್ದೇನೆ.