ದಿನಕ್ಕೊಂದು ದೇಶ: ಅತ್ತೆಯ ಜೊತೆ ಗಲ್ಫ್ ಕ್ರೂಸ್

ವಿಮಾನದಿಂದ ಇಳಿದರೆ ಬೇರೆ ದೇಶಕ್ಕೆ ಬಂದಿದ್ದೇವೆ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ. ಸಾಲಿನಲ್ಲಿ ನಿಲ್ಲುತ್ತೇವೆ, ಅಧಿಕಾರಿ ಮುಖ ನೋಡುತ್ತಾರೆ, ಪಾಸ್‌ಪೋರ್ಟ್‌ ತಿರುವಿ ಹಾಕುತ್ತಾರೆ. ಹಡಗಿನಲ್ಲಿ ಹಾಗಲ್ಲ. ರಾತ್ರಿ ಮಲಗಿದ ಮಂಚದಲ್ಲೇ ಬೆಳಿಗ್ಗೆ ಏಳುತ್ತೇವೆ. ಅದೇ ಊಟದ ಹಾಲ್, ಅದೇ ಈಜುಕೊಳ, ಅದೇ ಬಾರ್. ಕಿಟಕಿಯ ಆಚೆ ಮಾತ್ರ ದೇಶ ಬದಲಾಗಿರುತ್ತದೆ. ದೇಶ ಬದಲಾದರೆ ಕಾನೂನೂ ಬದಲಾಯಿತು ಅಲ್ವಾ? ಅದು ಮರೆತುಹೋಗುವುದು ಸುಲಭ.

2025ರ ಜನವರಿಯಲ್ಲಿ ನಾವು ನಾಲ್ವರು ಹೋಗಿದ್ದೆವು. ನಾನು, ನಮ್ಮ ಯಜಮಾನರು, ಕಾಲೇಜು ಓದುವ ಮಗಳು, ಮತ್ತೆ 74 ವರ್ಷದ ಅತ್ತೆ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದುಬೈ. ದುಬೈನಲ್ಲಿ ಹಡಗು ಹತ್ತಿ ಒಮಾನಿನ ಮಸ್ಕತ್, ಕತಾರಿನ ದೋಹಾ, ಆಮೇಲೆ ಅಬುಧಾಬಿ ನೋಡಿಕೊಂಡು ಮತ್ತೆ ದುಬೈ. ಏಳು ರಾತ್ರಿ.

ಜನವರಿಯನ್ನು ಸುಮ್ನೆ ಆರಿಸಿದ್ದಲ್ಲ. ಆ ವರ್ಷ ರಂಜಾನ್ ಉಪವಾಸ ಮಾರ್ಚ್ 1ಕ್ಕೆ ಶುರುವಾಗುವುದಿತ್ತು. ಗಲ್ಫ್ ಕಡೆ ಕ್ರೂಸ್ ಓಡಾಡುವುದು ಚಳಿಗಾಲದಲ್ಲಿ. ರಂಜಾನ್ ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಈಗ ಅದು ಕ್ರೂಸ್ ಸೀಸನ್ನಿನ ಒಳಗೇ ಬೀಳುತ್ತಿದೆ. ಆ ತಿಂಗಳು ಒಮಾನ್, ಕತಾರ್‌ನಲ್ಲಿ ಹಗಲು ಹೊತ್ತು ಬೀದಿಯಲ್ಲಿ ತಿನ್ನುವುದು, ನೀರು ಕುಡಿಯುವುದು ಕೂಡ ಅಪರಾಧ. ಅತ್ತೆಗೆ ಸಕ್ಕರೆ ಕಾಯಿಲೆ. ಎರಡು ಗಂಟೆಗೊಮ್ಮೆ ಏನಾದರೂ ಬಾಯಿಗೆ ಬೀಳಬೇಕು. ಅವರನ್ನು ಕರೆದುಕೊಂಡು ಉಪವಾಸದ ತಿಂಗಳಲ್ಲಿ ಹೋಗುವುದು ನಮಗೂ ಕಷ್ಟ, ಅಲ್ಲಿ ಉಪವಾಸ ಇರುವವರ ಎದುರು ತಿನ್ನುವುದೂ ಸರಿಯಲ್ಲ.

ಆಮೇಲೆ ವಾರ ನೋಡಿದೆ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿಯನ್ನು ಮುಸ್ಲಿಮರಲ್ಲದವರು ನೋಡಬಹುದಾದ ಹೊತ್ತು ಬೆಳಿಗ್ಗೆ 8ರಿಂದ 11. ಶುಕ್ರವಾರ ಇಲ್ಲವೇ ಇಲ್ಲ. ಹಡಗು ಅಲ್ಲಿ ನಿಲ್ಲುವುದೇ ಒಂದು ಹಗಲು. ಅದು ಶುಕ್ರವಾರ ಆದರೆ ಮುಗಿಯಿತು. ನಾವು ಆರಿಸಿದ ಹಡಗು ಮಸ್ಕತ್‌ಗೆ ಸೋಮವಾರ ತಲುಪುತ್ತಿತ್ತು.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ದುಬೈ ಬಿಟ್ಟು ಒಮಾನ್‌ಗೆ ಹೋಗಿ ಮತ್ತೆ ಯುಎಇ (ದುಬೈ, ಅಬುಧಾಬಿ, ಶಾರ್ಜಾ ಎಲ್ಲ ಸೇರಿದ ದೇಶ) ಒಳಗೆ ಬರುತ್ತೇವೆ. ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು. ಮಲ್ಟಿಪಲ್ ಎಂಟ್ರಿ ಬೇಕು. ಇದನ್ನು ನಮ್ಮ ಏಜೆಂಟ್ ಹೇಳಲಿಲ್ಲ. ಅರ್ಜಿ ತುಂಬುವಾಗ ಮಗಳು ಕಂಡುಹಿಡಿದಳು.

ನಿಜವಾದ ಕೆಲಸ ಇದ್ದದ್ದು ಬ್ಯಾಗ್ ತುಂಬುವುದರಲ್ಲಿ. ಯಜಮಾನರ ಜೊತೆ ಓದಿದ ಭಟ್ಕಳದ ಗೆಳೆಯರೊಬ್ಬರು ಶಾರ್ಜಾದಲ್ಲಿದ್ದಾರೆ. ಯುಎಇಯಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ. ಹಾಗಾಗಿ ಬೋಟಿಮ್ ಅನ್ನುವ ಆ್ಯಪ್‌ನಲ್ಲಿ ಮಾತು. "ಭಾಬಿ, ಬ್ಯಾಗ್‌ನಲ್ಲಿ ಏನೇನು ಇಟ್ಟಿದ್ದೀರಿ, ಒಂದೊಂದೇ ಹೇಳ್ತಾ ಹೋಗಿ" ಅಂದರು. ನಾನು ಹೇಳುತ್ತಾ ಹೋದೆ. ಅವರ ಮನೆಗೆ ಅಂತ ಕಜ್ಜಾಯ ಮಾಡಿದ್ದೆ. ಮೇಲೆ ಗಸಗಸೆ ಉದುರಿಸಿದ್ದೆ.

"ಗಸಗಸೆ ಬೇಡ ಭಾಬಿ! ಒಂದು ಕಾಳೂ ಬೇಡ."

ನಮಗೆ ಗಸಗಸೆ ಅಂದರೆ ಪಾಯಸ. ಅಲ್ಲಿ ಅದು ಅಫೀಮಿನ ಗಿಡದ ಬೀಜ, ಮಾದಕ ವಸ್ತುವಿನ ಪಟ್ಟಿಗೆ ಸೇರಿದ್ದು. ಯುಎಇ ಮಾತ್ರ ಅಲ್ಲ, ಕತಾರ್‌ನಲ್ಲೂ ತರುವಂತಿಲ್ಲ. ಕಜ್ಜಾಯ ಒಂದಕ್ಕೇ ಮುಗಿಯಲಿಲ್ಲ. ನಾನು ಮನೆಯಲ್ಲಿ ಕುಟ್ಟಿದ ಬಿಸಿಬೇಳೆ ಬಾತ್ ಪುಡಿ ನೆನಪಾಯಿತು. ಅದಕ್ಕೂ ಎರಡು ಚಮಚ ಗಸಗಸೆ ಹುರಿದು ಹಾಕಿದ್ದೆ. ಅದನ್ನೂ ತೆಗೆದಿಟ್ಟೆ. ಕಜ್ಜಾಯವನ್ನು ಎಳ್ಳು ಹಾಕಿ ಮತ್ತೆ ಮಾಡಿದೆ. ಗಸಗಸೆ ತಾಗಿದ ಡಬ್ಬ ಕೂಡ ಬೇಡ ಅಂತ ಹೊಸ ಡಬ್ಬ ತಂದೆ.

ಎರಡನೆಯದು ಎಲೆ ಅಡಿಕೆ. ಅತ್ತೆಗೆ ಮದುವೆಯಾದಾಗಿನಿಂದ ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಅವರ ಸಂಚಿ ಬಿಟ್ಟು ಅವರನ್ನು ನಾನು ನೋಡಿಯೇ ಇಲ್ಲ. ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಸೇರಿದಂತೆ ಪಾನ್ ಸಾಮಾನು ಇದೆ. ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದೆ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಂಟು ಹತ್ತು ದಿನ ತಾನೇ. ಏಕಾದಶಿ ಅಂದುಕೊಳ್ತೀನಿ ಬಿಡು" ಅಂದರು. ಸಂಚಿಯನ್ನು ಅವರೇ ದೇವರ ಮನೆಯ ಗೂಡಿನಲ್ಲಿಟ್ಟರು. ಹಡಗಿನಲ್ಲಿ ಲವಂಗ, ಏಲಕ್ಕಿ, ಸೋಂಪಿನಲ್ಲಿ ದಿನ ತಳ್ಳಿದರು. ಒಂದು ದಿನವೂ ಗೊಣಗಲಿಲ್ಲ.

ಔಷಧಿಯಲ್ಲಿ ನಾನು ಜಾಸ್ತಿ ಹೊತ್ತು ಕಳೆದೆ. ಯಜಮಾನರಿಗೆ ಬೆನ್ನು ನೋವು ಹೆಚ್ಚಾದಾಗ ತೆಗೆದುಕೊಳ್ಳುವ ಮಾತ್ರೆಯಲ್ಲಿ ಟ್ರಾಮಡಾಲ್ ಇತ್ತು. ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್. ಎರಡೂ ಯುಎಇಯಲ್ಲಿ ಬಿಗಿ ನಿಯಂತ್ರಣದಲ್ಲಿರುವ ಔಷಧಿಗಳು. ಅಂಥವನ್ನು ಒಯ್ಯಲೇಬೇಕಾದವರು ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲಿ ಮೊದಲೇ ಅನುಮತಿ ಪಡೆಯಬೇಕು. ನಮ್ಮ ಡಾಕ್ಟರನ್ನು ಕೇಳಿದೆವು. ಅವರು ಬೇರೆ ಮಾತ್ರೆ ಬರೆದುಕೊಟ್ಟರು, ಆ ತಾಪತ್ರಯ ತಪ್ಪಿತು. ಅತ್ತೆಯ ಸಕ್ಕರೆ, ಬಿಪಿ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಲಿಲ್ಲ. ಡಾಕ್ಟರ ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಸಿದೆವು. ಲೇಬಲ್ ಇಲ್ಲದ ಲೇಹ್ಯ, ಚೂರ್ಣ ಎಲ್ಲ ಮನೆಯಲ್ಲೇ ಉಳಿಯಿತು.

ಇನ್ನೊಂದು ಮಾತನ್ನು ಆ ಗೆಳೆಯರು ನಮ್ಮ ಯಜಮಾನರಿಗೆ ಹೇಳಿದರು. ಏರ್‌ಪೋರ್ಟ್‌ನಲ್ಲಿ ಬಾಟಲಿ ಕೊಂಡುಕೊಂಡು ಅವರ ಮನೆಗೆ ಬರಬಾರದು. ದುಬೈನಲ್ಲಿ ಹೋಟೆಲ್ ಬಾರ್ ಇದೆ. ಅರ್ಧ ಗಂಟೆ ದೂರದ ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷೇಧ. ಒಂದೇ ದೇಶದೊಳಗೆ ಹೀಗೆ. 2020ರಲ್ಲಿ ಯುಎಇ ಕೆಲವು ಕಾನೂನು ಸಡಿಲ ಮಾಡಿತು. ಮದುವೆಯಾಗದ ಜೋಡಿ ಒಂದೇ ಮನೆಯಲ್ಲಿರುವುದು ಅಲ್ಲಿ ಈಗ ಅಪರಾಧ ಅಲ್ಲ. ಹಾಗಂತ ಪಕ್ಕದ ದೇಶದಲ್ಲೂ ಅದೇ ಅಂದುಕೊಂಡರೆ ಕೆಟ್ಟೆವು. ಅದಕ್ಕೇ ನಾನು ಬಂದರಿಗೊಂದು ಹಾಳೆ ಮಾಡಿದೆ. ಅವತ್ತು ಯಾವ ವಾರ, ಬಟ್ಟೆ ಏನು, ಅಂಗಡಿ ಯಾವಾಗ ಮುಚ್ಚುತ್ತದೆ, ಗಡಿಯಾರ ಹಿಂದೆ ಹೋಗುತ್ತದಾ, ಪೊಲೀಸ್ ನಂಬರ್ ಏನು. ಯುಎಇ, ಕತಾರ್‌ಗೆ 999. ಒಮಾನ್‌ಗೆ 9999. ಹಿಂದಿನ ರಾತ್ರಿ ಊಟವಾದ ಮೇಲೆ ಮಗಳು ಆ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಳು.

ಬಟ್ಟೆಗೆ ನಮ್ಮ ನಿಯಮ ಒಂದೇ. ಹಡಗಿನ ಮೆಟ್ಟಿಲು ಇಳಿಯುವ ಮುಂಚೆ ಭುಜ, ಮೊಣಕಾಲು ಮುಚ್ಚಿರಬೇಕು. ಮಸೀದಿಗೆ ಹೋಗುವ ದಿನ ಮಣಿಕಟ್ಟು, ಪಾದದ ತನಕ, ಹೆಂಗಸರಿಗೆ ತಲೆಯೂ. ಸೀರೆ ಉಟ್ಟರೆ ಸಾಕು ಅಂದುಕೊಂಡಿದ್ದೆ. ಸಾಲುವುದಿಲ್ಲ. ತೋಳು, ಸೊಂಟ ಕಾಣುತ್ತದೆ. ಅತ್ತೆ ಸೀರೆ ಬಿಟ್ಟು ಬೇರೆ ಉಡುವವರಲ್ಲ. ಟೈಲರ್ ಹತ್ತಿರ ಅವರಿಗೆ ಉದ್ದ ತೋಳಿನ, ಸೊಂಟದ ಕೆಳಗೆ ಬರುವ ಎರಡು ರವಿಕೆ ಹೊಲಿಸಿದೆ. ಸೆರಗನ್ನು ತಲೆಗೆ ಹೊದ್ದು ಪಿನ್ನು ಹಾಕಿದೆ. ನಮಗಿಬ್ಬರಿಗೆ ದಪ್ಪ ಬಟ್ಟೆಯ ಚೂಡಿದಾರ್, ಜಾರದಂಥ ಹತ್ತಿಯ ದುಪಟ್ಟಾ. ಯಜಮಾನರಿಗೆ ಪೂರ್ತಿ ಪ್ಯಾಂಟು.

ಮಸ್ಕತ್‌ನಲ್ಲಿ ಹಡಗು ನಿಲ್ಲುವುದು ಮತ್ರಾಹ್‌ನ ಸುಲ್ತಾನ್ ಕಾಬೂಸ್ ಬಂದರಿನಲ್ಲಿ. ಬಂದರಿನೊಳಗೆ ನಡೆದುಕೊಂಡು ಓಡಾಡುವಂತಿಲ್ಲ, ಗೇಟಿನ ತನಕ ಬಸ್ಸು ಬಿಡುತ್ತಾರೆ. ನಾವು ಮೊದಲು ಟ್ಯಾಕ್ಸಿ ಮಾಡಿ ಮಸೀದಿಗೆ ಹೋದೆವು. 2001ರಲ್ಲಿ ತೆರೆದದ್ದು. ಕಟ್ಟಿದ ಕಲ್ಲು ನಮ್ಮ ಭಾರತದ ಮರಳುಗಲ್ಲು. ಒಳಗಿನ ರತ್ನಗಂಬಳಿ 21 ಟನ್ ತೂಕ, ಇರಾನಿನ 600 ಹೆಂಗಸರು ನಾಲ್ಕು ವರ್ಷ ನೇಯ್ದದ್ದಂತೆ. ಅತ್ತೆ ಅದರ ಅಂಚಿನಲ್ಲಿ ನಿಂತು ತುಂಬ ಹೊತ್ತು ನೋಡಿದರು. ಹೊರಗೆ ಒಬ್ಬ ಹೆಂಗಸು ಕಹ್ವಾ (ಅರಬ್ಬರ ಕಾಫಿ), ಖರ್ಜೂರ ಕೊಟ್ಟರು. ಕಪ್ಪು ಖಾಲಿಯಾದಾಗಲೆಲ್ಲ ಮತ್ತೆ ತುಂಬುತ್ತಾರೆ. ಸಾಕು ಅನ್ನಲು ಕಪ್ಪನ್ನು ಆಚೀಚೆ ಸ್ವಲ್ಪ ಅಲ್ಲಾಡಿಸಬೇಕು. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿಂದ ಮತ್ರಾಹ್ ಸೂಕ್, ಅಂದರೆ ಅಲ್ಲಿನ ಪೇಟೆ. ಮಧ್ಯಾಹ್ನ 1ರ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ಸಂಜೆ ತೆರೆಯುತ್ತವೆ. ಒಳಗೆಲ್ಲ ಧೂಪದ ವಾಸನೆ. ಒಮಾನಿನ ಧೋಫಾರ್ ಕಡೆಯ ಲೋಬಾನ ರಾಶಿ ರಾಶಿ ಇತ್ತು. ಆ ಬಣ್ಣ ನೋಡಿ ಫೋನ್ ಎತ್ತಿ ಫೋಟೋ ತೆಗೆದುಬಿಟ್ಟೆ. ಅಂಗಡಿಯಲ್ಲಿ ಒಬ್ಬ ಒಮಾನಿ ಹೆಂಗಸು ಲೋಬಾನ ಆರಿಸುತ್ತಿದ್ದರು. ಅವರು ಚಿತ್ರದಲ್ಲಿ ಬಂದಿದ್ದರು. ತಿರುಗಿ ನನ್ನನ್ನು ನೋಡಿ ಕೈ ಅಡ್ಡ ಮಾಡಿದರು. ನನಗೆ ಹೊಟ್ಟೆಯೊಳಗೆ ಕಲಕಿದಂತಾಯಿತು. ಕೇಳದೆ ಹೆಂಗಸರ ಫೋಟೋ ತೆಗೆಯಬಾರದು ಅಂತ ನಾನೇ ಹಾಳೆಯಲ್ಲಿ ಬರೆದಿದ್ದೆ. ಹತ್ತಿರ ಹೋಗಿ, ಎದೆ ಮೇಲೆ ಕೈಯಿಟ್ಟು, ಹಿಂದಿಯಲ್ಲೇ ತಪ್ಪಾಯಿತು ಅಂದೆ. ಅವರ ಎದುರೇ ಫೋಟೋ ಅಳಿಸಿದೆ. ಮಗಳು ಫೋನ್ ಇಸಿದುಕೊಂಡು ಅಳಿಸಿದ ಫೋಟೋ ಉಳಿಯುವ ಫೋಲ್ಡರಿನಿಂದಲೂ ತೆಗೆದು ತೋರಿಸಿದಳು. ಅವರೂ ಎದೆಗೆ ಕೈ ಮುಟ್ಟಿಸಿ ತಲೆಯಾಡಿಸಿದರು. ಅಷ್ಟೇ. ಆದರೆ ಅವತ್ತಿಡೀ ನಾನು ಫೋನ್ ಹೊರಗೆ ತೆಗೆಯಲಿಲ್ಲ. ನಮ್ಮ ಮನೆ ಜಗುಲಿಯಲ್ಲಿ ಕೂತ ಅತ್ತೆಯ ಫೋಟೋವನ್ನು ಯಾರಾದರೂ ಕೇಳದೆ ತೆಗೆದಿದ್ದರೆ ನಾನೇನು ಮಾಡುತ್ತಿದ್ದೆ ಅಂತ ಯೋಚನೆ ಬರುತ್ತಲೇ ಇತ್ತು.

ದೋಹಾದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಸೂಕ್ ವಾಕಿಫ್, ಇಸ್ಲಾಮಿಕ್ ಕಲೆಯ ಮ್ಯೂಸಿಯಂ ಎರಡೂ ಬಂದರಿಗೆ ಹತ್ತಿರ. ಆರಾಮಾಗಿ ನೋಡಿದೆವು.

ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಆದರೆ ಆನ್‌ಲೈನ್‌ನಲ್ಲಿ ಹೊತ್ತು ಗೊತ್ತು ಮಾಡಿಕೊಂಡು ಹೋಗಬೇಕು. 82 ಗುಮ್ಮಟಗಳ ಬಿಳಿ ಅಮೃತಶಿಲೆ. ಅಂಗಳದಲ್ಲಿ ನಿಂತು ಯಜಮಾನರು ಫೋಟೋಗೆ ಅಂತ ನನ್ನ ಹೆಗಲ ಮೇಲೆ ಕೈ ಹಾಕಿದರು. ಕಾವಲಿನವರು ಬಂದು ನಗುತ್ತಲೇ ಬೇಡ ಅಂದರು. ಗಂಡ ಹೆಂಡತಿ ಆದರೂ ಅಲ್ಲಿ ಮೈಗೆ ಮೈ ತಾಗಿಸಿ ಫೋಟೋ ಇಲ್ಲ. ಪಕ್ಕ ಪಕ್ಕ ನಿಂತು ತೆಗೆಸಿಕೊಂಡೆವು. ಈಗ ಅದೇ ಫೋಟೋ ನಮ್ಮ ಹಾಲ್‌ನಲ್ಲಿದೆ.

ಕೊನೆಯ ದಿನ ಶಾರ್ಜಾದ ಗೆಳೆಯರ ಮನೆ. ಅವರ ತಾಯಿಗೂ ಎಪ್ಪತ್ತು ದಾಟಿದೆ. ಅತ್ತೆಯ ಕೈ ಹಿಡಿದು ಭಟ್ಕಳದ ಕನ್ನಡದಲ್ಲಿ ಮಳೆ ಹೇಗಾಯಿತು, ಅಡಿಕೆ ರೇಟು ಎಷ್ಟಿದೆ ಅಂತ ಕೇಳಿದರು. ಎಳ್ಳಿನ ಕಜ್ಜಾಯ ಇಬ್ಬರೂ ಮುರಿದು ತಿಂದರು.

ಮೊನ್ನೆ ನಮ್ಮ ಬೀದಿಯವರೊಬ್ಬರು ಅದೇ ಕಡೆ ಹೋಗುವ ಹಡಗಿನ ಕಾಗದ ಹಿಡಿದುಕೊಂಡು ಬಂದಿದ್ದರು. ನೋಡಿದರೆ ಮಸ್ಕತ್ ಶುಕ್ರವಾರ. ಮುಂದಿನ ವಾರಕ್ಕೆ ಬದಲಿಸಿದರೆ ಆಯಿತಲ್ಲ ಅಂದರು. ಆಗುವುದಿಲ್ಲ, ಒಂದೇ ಹಡಗು ವಾರ ವಾರವೂ ಅದೇ ದಿನ ಅದೇ ಬಂದರು ಮುಟ್ಟುತ್ತದೆ. ಬೇರೆ ಹಡಗಿನ ವೇಳಾಪಟ್ಟಿ ತರಿಸಿ ಅಂತ ಹೇಳಿ, ನನ್ನ ಹಾಳೆಗಳನ್ನೂ ಅತ್ತೆಯ ಉದ್ದ ತೋಳಿನ ರವಿಕೆಯನ್ನೂ ಅಳತೆಗೆ ಕೊಟ್ಟು ಕಳಿಸಿದ್ದೇನೆ.