ತಾಮ್ರದ ತಗಡಿನ ಮೇಲೆ ರೋಮಿನ ಒಂದು ಚೌಕ

ಬರೋಕ್ ಕಾಲದ, ಅಂದರೆ ಹದಿನೇಳನೇ ಶತಮಾನದ ಆಸುಪಾಸಿನ, ರೋಮನ್ನು ನೋಡಬೇಕು ಅಂದರೆ ನಾನು ಮೊದಲು ತೆಗೆಯುವುದು ಜೊವಾನಿ ಬತಿಸ್ತಾ ಫಾಲ್ದಾನ (1643-1678) ಎಚಿಂಗ್‌ಗಳನ್ನು, ಅಂದರೆ ಲೋಹದ ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆದು ತೆಗೆದ ಅಚ್ಚುಚಿತ್ರಗಳನ್ನು. ಅವುಗಳಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಮುಂದಿನ ಚೌಕದ ನೋಟ ನನಗೆ ತುಂಬಾ ಇಷ್ಟ. ಅವನು ಅದನ್ನು ಹೇಗೆ ಕಟ್ಟಿದ ಅಂತ ತಿಳಿಯೋಕೆ ನಾನೇ ತಾಮ್ರದ ಮೇಲೆ ಮಾಡಿ ನೋಡಿದೆ.

ಕಷ್ಟ ಇರುವುದು ಚೌಕವನ್ನು ರೂಪಿಸಿದ ವಾಸ್ತುಶಿಲ್ಪಿ ಬರ್ನಿನಿಯ ಕಂಬಗಳಲ್ಲಿ. ಅವು ಎರಡು ತೋಳುಗಳ ಹಾಗೆ ಚೌಕವನ್ನು ಬಳಸಿ ನಿಂತಿವೆ. ಒಟ್ಟು 284 ಕಂಬ, ನಾಲ್ಕು ಸಾಲು ಆಳ, ಅದೂ ಬಾಗಿದ ಸಾಲು. ನೇರ ಬೀದಿಯ ಗೆರೆಗಳೆಲ್ಲ ದೂರದ ಒಂದು ಬಿಂದುವಿಗೆ ಓಡುತ್ತವೆ, ಅದಕ್ಕೆ ಸ್ಕೇಲ್ ಸಾಕು. ಬಾಗಿದ ಸಾಲಿಗೆ ಅಂಥ ಬಿಂದು ಇಲ್ವಲ್ಲ! ಹಾಗಾಗಿ ಮೊದಲು ನೆಲದ ನಕ್ಷೆ ಬರೆದು ಅದರ ಮೇಲೆ ಚೌಕುಳಿ ಹಾಕಿದೆ. ಅದೇ ಚೌಕುಳಿಯನ್ನು ಪರ್ಸ್ಪೆಕ್ಟಿವ್‌ನಲ್ಲಿ (ದೂರದ್ದು ಚಿಕ್ಕದಾಗಿ ಕಾಣುವ ಹಾಗೆ) ಮತ್ತೆ ಎಳೆದು, ಒಂದೊಂದು ಕಂಬದ ಬುಡವನ್ನೂ ಅದರದರ ಮನೆಗೆ ಕೂರಿಸಿದೆ.

ಎತ್ತರಕ್ಕೆ ಸುಲಭದ ಲೆಕ್ಕವಿದೆ. ಫಾಲ್ದಾ ನೋಡುವುದು ತುಂಬಾ ಮೇಲಿನಿಂದ. ನೋಡುವ ಕಣ್ಣು ಆಳೆತ್ತರದ 20 ಪಟ್ಟು ಮೇಲಿದೆ ಅಂತಿಟ್ಟುಕೊಳ್ಳಿ. ಮನುಷ್ಯ ಎಲ್ಲೇ ನಿಂತಿರಲಿ, ಚಿತ್ರದಲ್ಲಿ ಅವನ ಪಾದದಿಂದ ದಿಗಂತದ ಗೆರೆಯವರೆಗಿನ ದೂರದಲ್ಲಿ 20ರಲ್ಲಿ ಒಂದು ಭಾಗ ಅವನ ಎತ್ತರ. ಕಂಬಕ್ಕೂ ಇದೇ ದಾರಿ. ಜನ ಚಿಕ್ಕವರಾದಷ್ಟೂ ಚೌಕ ದೊಡ್ಡದಾಗಿ ಕಾಣುತ್ತದೆ. ಇದು ಫಾಲ್ದಾನಿಗೆ ಚೆನ್ನಾಗಿ ಗೊತ್ತಿತ್ತು.

ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಚಿತ್ರವನ್ನು ತಿರುಗಿಸಿ ತಗಡಿಗೆ ಇಳಿಸಿಕೊಂಡೆ. ಆಮೇಲೆ ತಗಡಿನ ಮೇಣದ ಲೇಪದ ಮೇಲೆ ಸೂಜಿಯಿಂದ ಗೀರಿದೆ. ಗೀರಿದ ಕಡೆ ತಾಮ್ರ ತೆರೆದುಕೊಳ್ಳುತ್ತದೆ, ಆಸಿಡ್ ಕೊರೆಯುವುದು ಅಲ್ಲಿ ಮಾತ್ರ.

ಆದರೆ ಚಿತ್ರಕ್ಕೆ ದೂರ-ಹತ್ತಿರದ ಆಳ ಬರುವುದು ಸ್ಕೇಲಿನಿಂದ ಮಾತ್ರ ಅಲ್ಲ, ಆಸಿಡ್‌ನಿಂದಲೂ. ಹೆಚ್ಚು ಹೊತ್ತು ಕೊರೆದಷ್ಟೂ ಗೆರೆ ದಪ್ಪ, ಕಪ್ಪು. ನಾನು ಆಸಿಡ್ ಅಂತ ಬಳಸಿದ್ದು ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣ. ತಗಡನ್ನು ಮುಖ ಕೆಳಗೆ ಮಾಡಿ ಇಡಬೇಕು, ಇಲ್ಲದಿದ್ದರೆ ಗೆರೆಯೊಳಗೆ ಗಸಿ ನಿಂತು ಕೊರೆತ ನಿಧಾನವಾಗುತ್ತದೆ. ಸ್ವಲ್ಪ ಹೊತ್ತಿಗೇ ಹೊರತೆಗೆದು ತೊಳೆದೆ. ಮೋಡ, ಗುಮ್ಮಟ, ಹಿಂದಿನ ಗುಡ್ಡದ ಗೆರೆಗಳ ಮೇಲೆ, ಮತ್ತೆ ಆಸಿಡ್ ತಾಗದ ಹಾಗೆ, ವಾರ್ನಿಷ್ ಬಳಿದೆ. ಅವು ಅಷ್ಟಕ್ಕೇ ನಿಂತವು, ಕೂದಲಿನಷ್ಟು ತೆಳು. ಮತ್ತೆ ಮುಳುಗಿಸಿದೆ. ಈ ಸಲ ಚರ್ಚಿನ ಮುಂಭಾಗ ಮುಚ್ಚಿದೆ. ಹೀಗೇ ಹಂತ ಹಂತವಾಗಿ ಹತ್ತಿರಕ್ಕೆ ಬಂದೆ.

ಜಾಸ್ತಿ ಹೊತ್ತು ಆಸಿಡ್‌ನಲ್ಲಿದ್ದದ್ದು ಚೌಕದ ಮೂರನೇ ತೋಳು. ಚೌಕದ ಬಾಯಿಗೆ ಅಡ್ಡವಾಗಿ ಬರ್ನಿನಿ ಯೋಜಿಸಿದ್ದ ಆ ಕಂಬಸಾಲನ್ನು ಕಟ್ಟಲೇ ಇಲ್ಲ. ಫಾಲ್ದಾ ಮಾತ್ರ ಅದನ್ನು ಚಿತ್ರದಲ್ಲಿ ಮುಂದೆಯೇ ನಿಲ್ಲಿಸಿದ್ದಾನೆ. ನಾನೂ ಉಳಿಸಿಕೊಂಡೆ. ಮುಂದೆ ಆ ಕಪ್ಪು ಇರುವುದರಿಂದಲೇ ಗುಮ್ಮಟ ಅಷ್ಟು ದೂರ ಸರಿಯುತ್ತದೆ.