ಸಂಘದ ಮೂಲಕ ಸರ್ಕಾರಕ್ಕೆ ಮನವಿ ಕೊಡುವ ಮುನ್ನ

ವಾಣಿಜ್ಯ ಸಂಘಕ್ಕೆ ವರ್ಷವರ್ಷವೂ ಚಂದಾ ಕಟ್ಟಿ, ‘ನಮಗೇನೂ ಮಾಡಲಿಲ್ಲ’ ಎಂದು ಗೊಣಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಮನವಿ ಬರೆಯುವ ಉಪಸಮಿತಿಯಲ್ಲಿ ಕುಳಿತ ಮೇಲೆ ತಿಳಿಯಿತು: ಸದಸ್ಯರು ಮಾಹಿತಿ ಕೊಡದಿದ್ದರೆ ಸಂಘದ ಬಾಯಿ ಕಟ್ಟಿದಂತೆಯೇ.

‘ಹೊಸ ನಿಯಮದಿಂದ ತೊಂದರೆಯಾಗುತ್ತದೆ’ ಎಂಬಂಥ ಪತ್ರ ಕಡತದಲ್ಲೇ ಮಲಗುತ್ತದೆ. ಕರಡಿನ ಯಾವ ಕಲಂ, ಅದರಿಂದ ಒಂದು ಪೆಟ್ಟಿಗೆ ಸರಕಿಗೆ ಎಷ್ಟು ಹೆಚ್ಚುವರಿ ಖರ್ಚು, ಅಚ್ಚಾಗಿರುವ ಹಳೆಯ ಲೇಬಲ್‌ಗಳು ಮುಗಿಯಲು ಎಷ್ಟು ತಿಂಗಳು ಬೇಕು, ಬದಲಿ ವಾಕ್ಯ ಹೇಗಿರಬೇಕು, ಇಷ್ಟನ್ನು ಒಂದೇ ಪುಟದಲ್ಲಿ ಬರೆದುಕೊಡಿ. ಸರಕಿನ ಎಚ್‌ಎಸ್ ಸಂಕೇತ, ಅಂದರೆ ಸರಕುಗಳನ್ನು ವಿಂಗಡಿಸಲು ದೇಶದೇಶಗಳು ಬಳಸುವ ಅಂಕಿ, ಮರೆಯಬೇಡಿ. ಸುಂಕದ ಮಾತೆಲ್ಲ ನಡೆಯುವುದು ಆ ಅಂಕಿಗಳಲ್ಲೇ. ಖರ್ಚಿನ ಲೆಕ್ಕ ಗುಟ್ಟಾಗಿರಬೇಕಿದ್ದರೆ, ಹೆಸರು ತೆಗೆದು ಒಟ್ಟು ಮೊತ್ತವನ್ನಷ್ಟೇ ತೋರಿಸುವಂತೆ ಸಂಘವನ್ನು ಕೇಳಿಕೊಳ್ಳಿ.

ಹೊರದೇಶದ ನಿಯಮವಾದರೆ ದಾರಿ ಸ್ವಲ್ಪ ಸುತ್ತು. ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ಯುವ ಹಕ್ಕು ಸದಸ್ಯ ಸರ್ಕಾರಗಳಿಗೆ ಮಾತ್ರ, ಕಂಪನಿಗೂ ಇಲ್ಲ, ಸಂಘಕ್ಕೂ ಇಲ್ಲ. ಹಾಗಾಗಿ ಸಂಘ ತನ್ನ ಸರ್ಕಾರದ ಬಾಗಿಲನ್ನೇ ತಟ್ಟಬೇಕು. ತಾಂತ್ರಿಕ ನಿಯಮಗಳ ಕರಡಿಗೆ ಪ್ರತಿಕ್ರಿಯೆ ನೀಡಲು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಶಿಫಾರಸು ಮಾಡಿರುವ ಅವಧಿ ಕನಿಷ್ಠ 60 ದಿನ. ಕೇಳಲು ಧಾರಾಳ, ಸಂಘದ ಸಭೆ ಸೇರುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಇ-ಪಿಂಗ್ ಎಂಬ ಉಚಿತ ತಾಣದಲ್ಲಿ ನಿಮ್ಮ ಸರಕು, ಮಾರುಕಟ್ಟೆ ಎರಡನ್ನೂ ನಮೂದಿಸಿಡಿ, ಕರಡು ಪ್ರಕಟವಾದಾಗ ಇಮೇಲ್ ಬರುತ್ತದೆ.